ಅನಂತನ ಹೆಂಡತಿಯ ಹೆಸರು

“ಎ ಇಪ್ಪತ್ತೆರಡು. ಹಂಗಾದ್ರ ಟಿ ಎಷ್ಟು?”

ಮಂಗಲಾ ಜೋಳದ ಹಿಟ್ಟಿನ ಉಂಡೆಯನ್ನು ತಟ್ಟುತ್ತಲೇ ಕೇಳಿದಳು. ದಿಗಂಬರರಾವ್ ಅಡುಗೆಮನೆಯ ಹೊಸ್ತಿಲ ಹತ್ತಿರ ಮಣೆ ಹಾಕಿಕೊಂಡು ಶೇಂಗಾ ಬಿಡಿಸುತ್ತಿದ್ದರು.

“ಇಪ್ಪತ್ತೆರಡು,” ಎಂದರು.

“ಎರಡೂ ಕೂಡಿ?”

“ನಲವತ್ನಾಲ್ಕು.”

“ನೂರರಾಗ ನಲವತ್ನಾಲ್ಕು ಹೋದ್ರ?”

ಅವಳು ಭಾಕರಿಯನ್ನು ಹಂಚಿಗೆ ಹಾಕಿ ಮೇಲೆ ನೀರು ಸವರಿದಳು. ಬೆನ್ನ ಹಿಂದೆ ಶೇಂಗಾ ಸಿಪ್ಪೆ ಒಡೆಯುವ ಸದ್ದು ನಿಂತಿತ್ತು. ತಿರುಗಿ ನೋಡಲು ಮನಸ್ಸಾಗಲಿಲ್ಲ. ನೋಡಿದರೆ ಅವರು ನಗುತ್ತಾರೆ. ಏನೂ ಆಗಿಲ್ಲವೆಂಬಂತೆ ನಗುವ ಆ ನಗುವೇ ಈಚೆಗೆ ಅವಳಿಗೆ ತಡೆಯಲಾರದ್ದಾಗಿತ್ತು.

“ಭಾಕರಿ ಹೊತ್ತಲಿಕತ್ತದ ನೋಡು,” ಎಂದರು ದಿಗಂಬರರಾವ್.

ಭಾಕರಿ ಹೊತ್ತಿರಲಿಲ್ಲ. ಆದರೂ ಅವಳು ಅದನ್ನು ತಿರುವಿ ಹಾಕಿದಳು.

“ಐವತ್ತಾರು,” ಎಂದು ತಾನೇ ಹೇಳಿದಳು. “ಅದರಾಗ ಅರ್ಧ ಜಿ, ಅರ್ಧ ಸಿ. ಇಪ್ಪತ್ತೆಂಟು, ಇಪ್ಪತ್ತೆಂಟು.”

“ಗೊತ್ತದ ನನಗ.”

“ನಿಮಗ ಗೊತ್ತದರಿ. ಆದ್ರೂ ಇನ್ನೊಮ್ಮೆ ಹೇಳೂಣು.”

“ನೀ ಯಾವಾಗಿಂದ ನನಗ ಬಯಾಲಜಿ ಕಲಸ್ಲಿಕತ್ತಿ?”

“ನೀವು ನನಗ ಶೇಂಗಾ ಬಿಡಿಸಿ ಕೊಡ್ಲಿಕತ್ತಾಗಿಂದ. ಮೊದಲು ಒಂದು ಲೋಟ ಎತ್ತಿ ಇಟ್ಟವರಲ್ಲ ನೀವು.”

ಈ ಸಲ ಅವರು ನಿಜವಾಗಿ ನಕ್ಕರು. ಅವಳೂ ನಕ್ಕಳು. ಶೇಂಗಾ ಮತ್ತೆ ಪಟಪಟನೆ ಒಡೆಯತೊಡಗಿತು. ಅವರು ಸಭೆಯ ಮುಂದೆ ಪಾಠ ಮಾಡಬೇಕಿದ್ದ ಭಾನುವಾರ ದೂರವಿರಲಿಲ್ಲ.

ಲಾತೂರಿನ ಟ್ಯೂಷನ್ ಏರಿಯಾದಲ್ಲಿ ದಿಗಂಬರರಾವ್ ಔಸೇಕರ ಸರ್ ಗೊತ್ತಿಲ್ಲದವರು ಯಾರೂ ಇರಲಿಲ್ಲ. ಬೀಡ, ಪರಭಣಿ, ನಾಂದೇಡ, ಎಲ್ಲೆಲ್ಲಿಂದಲೋ ಡಾಕ್ಟರ್ ಆಗಲೆಂದೇ ಮಕ್ಕಳು ಬಂದು ತುಂಬುವ ಊರದು. ಒಂದು ಕೋಣೆಯಲ್ಲಿ ನಾಲ್ಕು ಮಂಚ, ಮೆಸ್ಸಿನ ತೆಳು ಸಾರು, ಬೆಳಿಗ್ಗೆಯಿಂದ ಸಂಜೆಯವರೆಗೆ ಪಾಠ. ಆ ಮಕ್ಕಳಿಗೆ ಸರ್ ಡಿಎನ್‌ಎ ಪಾಠ ಶುರು ಮಾಡುತ್ತಾರೆಂದರೆ ಬೇರೆ ಬ್ಯಾಚಿನವರೂ ಬಂದು ಕಿಟಕಿಯ ಹತ್ತಿರ ನಿಲ್ಲುತ್ತಿದ್ದರು. ಆ ಪಾಠಕ್ಕೆ ‘ಲಗ್ನದ ಕ್ಲಾಸು’ ಎಂದೇ ಹೆಸರು ಬಿದ್ದಿತ್ತು.

“ಡಿಎನ್‌ಎ ಅಂದ್ರ ಲಗ್ನದ ಮನಿ,” ಎಂದು ಸರ್ ಶುರು ಮಾಡುತ್ತಿದ್ದರು. “ನೂರು ಮಂದಿ ಬಂದಾರ. ಒಬ್ಬರೂ ಒಂಟಿ ಬಂದಿಲ್ಲ. ಡಿಎನ್‌ಎದ ಅಕ್ಷರ ನಾಲ್ಕ. ಎ ಅಂದ್ರ ಅನಂತ. ಟಿ ಅಂದ್ರ ಅವನ ಹೆಂಡತಿ ತಾರಾ. ಜಿ ಅಂದ್ರ ಗಣಪತ, ಸಿ ಅಂದ್ರ ಅವನ ಹೆಂಡತಿ ಚಂದ್ರಕಲಾ. ಅನಂತ ಎಷ್ಟೋ, ತಾರಾ ಅಷ್ಟು. ಗಣಪತ ಎಷ್ಟೋ, ಚಂದ್ರಕಲಾ ಅಷ್ಟು. ಅನಂತ ಎಂದಾದ್ರೂ ಚಂದ್ರಕಲಾನ ಕಡೆ ಕಣ್ಣೆತ್ತಿ ನೋಡ್ತಾನೇನು?”

“ನೋಡಂಗಿಲ್ಲ ಸರ್!” ಎಂದು ಹುಡುಗರು ಕೂಗುತ್ತಿದ್ದರು. ಹಿಂದಿನ ಬೆಂಚಿನಿಂದ ಒಂದು ಸಿಳ್ಳೆ.

“ನೋಡಿದ್ರ ಏನಾಗ್ತದ? ಮ್ಯುಟೇಶನ್ ಆಗ್ತದ! ಈಗ ಊಟದ ಪಂಕ್ತಿಯೊಳಗ ಇಪ್ಪತ್ತೆರಡು ಮಂದಿ ಅನಂತ ಕೂತಾರ. ಚಂದ್ರಕಲಾ ಎಷ್ಟು ಮಂದಿ, ಹೇಳ್ರಿ?”

ಊರಿನ ಅರ್ಧ ಡಾಕ್ಟರುಗಳು ಆ ಪಂಕ್ತಿಯಲ್ಲಿ ಊಟ ಮಾಡಿ ಎದ್ದವರೇ. ಮಂಗಲಾ ಮಂಡಿನೋವಿಗೆಂದು ದವಾಖಾನೆಗೆ ಹೋದರೆ, “ಕಾಕೂ, ಅನಂತ ತಾರಾ ಆರಾಮ ಇದ್ದಾರೇನ್ರಿ?” ಎಂದು ಕೇಳಿಯೇ ಅವರು ಗುಳಿಗೆ ಬರೆಯುತ್ತಿದ್ದರು. ಅವಳು ಹತ್ತನೆಯ ಇಯತ್ತೆಯವರೆಗೆ ಓದಿದವಳು. ಗಂಡನ ಕ್ಲಾಸಿನಲ್ಲಿ ಒಂದು ದಿನವೂ ಕೂತವಳಲ್ಲ. ಅನಂತ ತಾರಾ ಅಂದರೆ ಮೈಯೊಳಗಿನ ಏನನ್ನೋ ಎಣಿಸಲು ಇವರು ಕಟ್ಟಿದ ಕಥೆ ಎಂದಷ್ಟೇ ತಿಳಿದಿದ್ದಳು.

ಕಳೆದ ದೀಪಾವಳಿಯ ಹಿಂದುಮುಂದಿನ ಮಾತು. ದಿಗಂಬರರಾವ್ ಬೆಲ್ಲ ತರುತ್ತೇನೆಂದು ಗಂಜಗೋಲಾಯಿ ಪೇಟೆಗೆ ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. ಕೊನೆಗೆ ಯಾರೋ ಫೋನು ಮಾಡಿದರು. ಹೊಸದಾಗಿ ಲಗ್ನವಾದಾಗ ಇವರು ಬಾಡಿಗೆಗಿದ್ದ ಹಳೆಯ ಮನೆಯ ಬಾಗಿಲು ಬಡಿದು, ಒಳಗಿದ್ದವರ ಜೊತೆಗೆ ಸರ್ ಜಗಳಕ್ಕೆ ನಿಂತಿದ್ದರು. “ನನ್ನ ಮನ್ಯಾಗ ನೀವ್ಯಾರು?” ಎಂದು ಕೇಳುತ್ತಿದ್ದರಂತೆ. ಮಂಗಲಾ ಆಟೋದಲ್ಲಿ ಹೋಗಿ ಕರೆದು ತಂದಳು. ದಾರಿಯುದ್ದಕ್ಕೂ ಅವರು ಬೆಲ್ಲದ ಪೊಟ್ಟಣವನ್ನು ಎದೆಗವಚಿಕೊಂಡು ಕೂತಿದ್ದರು.

ಸೋಲಾಪುರದ ಡಾಕ್ಟರು ಮಿದುಳಿನ ಚಿತ್ರ ತೆಗೆಸಿದರು. ಆಮೇಲೆ ಒಂದು ಹಾಳೆ ಕೊಟ್ಟು ಗಡಿಯಾರ ಬರೆಯಿರಿ ಎಂದರು. ಜೀವಕೋಶವನ್ನು ಬಣ್ಣದ ಸೀಮೆಸುಣ್ಣದಲ್ಲಿ ಒಂದೇ ಗೆರೆಗೆ ಬಿಡಿಸುತ್ತಿದ್ದ ಮನುಷ್ಯ, ದುಂಡನೆಯ ಗಡಿಯಾರವನ್ನೇನೋ ಚೆನ್ನಾಗಿಯೇ ಬಿಡಿಸಿದರು. ಅಂಕಿಗಳನ್ನೆಲ್ಲ ಒಂದೇ ಬದಿಗೆ ಒತ್ತೊತ್ತಾಗಿ ತುಂಬಿದರು. ಬರೆದು ಮುಗಿಸಿ ತಾವೇ ಅದನ್ನು ನೋಡುತ್ತ ಕೂತರು. ತಪ್ಪಾಗಿದೆ ಎಂದು ಅವರಿಗೆ ತಿಳಿದಿತ್ತು. ತಪ್ಪೆಲ್ಲಿದೆ ಎಂದು ತಿಳಿದಿರಲಿಲ್ಲ. ಡಾಕ್ಟರು ಹಾಳೆಯನ್ನು ಮೆಲ್ಲಗೆ ತೆಗೆದುಕೊಂಡು, ಗುಳಿಗೆಯಿಂದ ಒಂದಿಷ್ಟು ನಿಧಾನ ಮಾಡಬಹುದು, ನಿಲ್ಲಿಸಲಿಕ್ಕಾಗುವುದಿಲ್ಲ ಎಂದರು. ಐವತ್ತೆಂಟು ಇದಕ್ಕೆ ಸಣ್ಣ ವಯಸ್ಸು, ಮನೆತನದಲ್ಲಿ ಯಾರಿಗಾದರೂ ಇತ್ತೇ ಎಂದು ಕೇಳಿದರು.

“ನಮ್ಮಪ್ಪಗ,” ಎಂದರು ದಿಗಂಬರರಾವ್.

ಮಾವನವರದು ಮಂಗಲಾಗೆ ನೆನಪಿತ್ತು. ಇವಳು ಸೊಸೆಯಾಗಿ ಬಂದ ಹೊಸದರಲ್ಲಿ ಅವರು ಮಂದಿಯ ಹೊಲದ ಬದುವಿನ ಮೇಲೆ ಕೂತು ಇದು ನನ್ನದೆನ್ನುತ್ತಿದ್ದರು. ಊರಿನವರು ಗಾಳಿ ಸೋಕಿದೆ ಎಂದು ಲಿಂಬೆಹಣ್ಣು ನಿವಾಳಿಸಿದ್ದರು.

ವಾಪಸು ಬರುವಾಗ ಬಸ್ಸು ತುಳಜಾಪುರ ದಾಟಿತ್ತು.

“ಕೀರ್ತಿಗೆ ಹೇಳಬ್ಯಾಡ,” ಎಂದರು ದಿಗಂಬರರಾವ್. ಮಗಳು ಕೀರ್ತಿ ನಾಂದೇಡದಲ್ಲಿ ಗಂಡನ ಮನೆಯಲ್ಲಿದ್ದಳು, ಬಸುರಿ. “ಅಕಿಯೊಳಗ ಅರ್ಧ ನಂದು ಅಲ್ಲೇನು.”

ಅವರು ಏನು ಹೇಳುತ್ತಿದ್ದಾರೆ ಎಂದು ಹೊಳೆಯಲು ಮಂಗಲಾಗೆ ಒಂದು ಕ್ಷಣ ಬೇಕಾಯಿತು. ಮಾವನವರಿಂದ ಇವರಿಗೆ ಬಂದದ್ದು ಇವರಿಂದ ಮಗಳಿಗೂ ಹೋಗಿರಬಹುದು.

“ನಿಮ್ಮ ಆ ಲೆಕ್ಕದಾಗ ಗೊತ್ತಾಗಂಗಿಲ್ಲೇನ್ರಿ? ಅಕಿದು ಅನಂತ ಎಷ್ಟು, ತಾರಾ ಎಷ್ಟು ಅಂತ ಎಣಿಸಿ ನೋಡಿದ್ರ?”

ದಿಗಂಬರರಾವ್ ತಿರುಗಿ ಅವಳನ್ನು ನೋಡಿದರು. ಆ ದಿನ ಮೊದಲ ಸಲ ಅವರ ಮುಖದಲ್ಲಿ ಮಾಸ್ತರಿಕೆಯ ಕಳೆ ಬಂತು.

“ಇಲ್ಲ, ಮಂಗಲಾ. ಆ ಲೆಕ್ಕ ನಂದೂ ಅಷ್ಟ, ನಿಂದೂ ಅಷ್ಟ, ಈ ಕಂಡಕ್ಟರಂದೂ ಅಷ್ಟ. ನೂರರಾಗ ಮೂವತ್ತರ ಆಸುಪಾಸು ಅನಂತ. ಎಷ್ಟು ಅಕ್ಷರ ಅವ ಅನ್ನೋದು ಹೇಳ್ಬಹುದು. ಏನು ಬರದದ ಅನ್ನೋದು ಅದರಾಗ ಗೊತ್ತಾಗಂಗಿಲ್ಲ.”

ಅಲ್ಲಿಂದ ಲಾತೂರಿನವರೆಗೆ ಬಸ್ಸಿನಲ್ಲೇ ಅವಳಿಗೆ ಪಾಠವಾಯಿತು. ಟಿಕೇಟಿನ ಹಿಂದೆ ಏಣಿಯಂಥದೊಂದು ಚಿತ್ರ ಬರೆದು ತೋರಿಸಿದರು. ಇಪ್ಪತ್ತೆರಡರ ಲೆಕ್ಕ ಮಾಡಿಸಿದರು. ತಪ್ಪಿದಾಗ ಬೈದರು, ಬಂದಾಗ “ಶಾಬ್ಬಾಸ್” ಎಂದರು. ಮುಂದಿನ ಸೀಟಿನ ಮುದುಕಿ ಇವರಿಬ್ಬರನ್ನು ವಿಚಿತ್ರವಾಗಿ ನೋಡುತ್ತಿತ್ತು. ಮೂವತ್ತು ವರ್ಷದ ಸಂಸಾರದಲ್ಲಿ ಅವರು ಅಷ್ಟು ಹೊತ್ತು ಅವಳೊಬ್ಬಳ ಜೊತೆಗೇ ಮಾತಾಡಿದ್ದು ಅವಳಿಗೆ ನೆನಪಿರಲಿಲ್ಲ. ಇಳಿಯುವಾಗ ಅವರು ಅವಳ ಕೈ ಹಿಡಿದು, ಈ ಬ್ಯಾಚ್ ಮುಗಿಯುವ ತನಕ ಯಾರಿಗೂ ಹೇಳಬಾರದು ಎಂದು ಆಣೆ ಹಾಕಿಸಿಕೊಂಡರು.

ಆಮೇಲಿನ ತಿಂಗಳುಗಳಲ್ಲಿ ಶಾಸ್ತ್ರವೆಲ್ಲ ಅವರಿಗೆ ನೆಟ್ಟಗೇ ನೆನಪಿತ್ತು. ಮೂವತ್ತು ವರ್ಷ ಹೇಳಿದ ಮಾತುಗಳು ನಾಲಿಗೆಯ ಮೇಲೇ ಇದ್ದವು. ಕೈಕೊಡುತ್ತಿದ್ದದ್ದು ನಡುನಡುವಿನ ಸಣ್ಣ ಮೆಟ್ಟಿಲು. ಕಳೆಯುವ ಲೆಕ್ಕ, ಹುಡುಗನೊಬ್ಬನ ಹೆಸರು, ಒರೆಸುವ ಬಟ್ಟೆಗೆ ಏನೆನ್ನುತ್ತಾರೆ ಎಂಬುದು. ಅದಕ್ಕೇ ಮಂಗಲಾ ದಿನಾ ಬೆಳಿಗ್ಗೆ ಭಾಕರಿ ತಟ್ಟುತ್ತ ಕೇಳತೊಡಗಿದ್ದು.

ಸರ್ ಅವರ ಹಳೆಯ ಶಿಷ್ಯ ಬಾಲಾಜಿ ಕೇಂದ್ರೆಯ ಕ್ಲಾಸಿನ ಮುಂದೆ ಮಾಳಿಗೆಯಷ್ಟು ಎತ್ತರದ ಫಲಕ ಎದ್ದದ್ದನ್ನು ಅವಳು ತರಕಾರಿಗೆ ಹೋದಾಗ ನೋಡಿದಳು. ಫಲಕದ ತುಂಬ ಗಂಡನ ಮುಖ. ‘ಈ ಭಾನುವಾರ ಬೆಳಿಗ್ಗೆ, ಪಾಲಕರಿಗೂ ವಿದ್ಯಾರ್ಥಿಗಳಿಗೂ ಔಸೇಕರ ಸರ್ ಅವರ ಲಗ್ನದ ಕ್ಲಾಸು, ಎಲ್ಲರಿಗೂ ಮುಕ್ತ ಪ್ರವೇಶ.’ ಮನೆಗೆ ಬಂದು ಕೇಳಿದರೆ, “ಹೌದು, ಒಪ್ಕೊಂಡೀನಿ,” ಎಂದರು.

ಮರುದಿನ ಅವಳು ಬಾಲಾಜಿಯ ಆಫೀಸಿಗೆ ಹೋದಳು. ಬಾಲಾಜಿ ಕಬ್ಬು ಕಡಿಯುವವರ ಮಗ. ಹಂಗಾಮು ಬಂದು ತಾಯಿ ತಂದೆ ಗಾಡಿ ಹತ್ತಿ ಹೋದರೆ, ಅವನು ಔಸೇಕರರ ಪಡಸಾಲೆಯಲ್ಲಿ ಓದಿ, ಅಲ್ಲಿಯೇ ಉಂಡು ಮಲಗಿ ದೊಡ್ಡವನಾದವನು. ಡಾಕ್ಟರಿಕೆಯ ಸೀಟು ಅವನಿಗೆ ಸಿಗಲಿಲ್ಲ. ಮಾಸ್ತರಿಕೆ ಹಿಡಿದು ಈಗ ಮೂರಂತಸ್ತಿನ ಕ್ಲಾಸು ಕಟ್ಟಿದ್ದ. ಮಂಗಲಾ ಒಳಗೆ ಬರುತ್ತಲೇ ಎದ್ದು ಕಾಲು ಮುಟ್ಟಿ ನಮಸ್ಕರಿಸಿದ.

“ಫೋನ್ ಮಾಡಿದ್ರ ನಾನ ಬರ್ತಿದ್ನಲ್ರಿ ಕಾಕೂ! ಏ, ಚಹಾ ತರ್ರೋ. ಸಕ್ಕರಿ ಕಡಿಮಿ.”

“ಬಾಲಾಜಿ, ಭಾನುವಾರದ ಕ್ಲಾಸು... ಸರ್‌ಗ ಆರಾಮ ಇಲ್ಲಪ್ಪ.”

“ಬಿಪಿ ಏನ್ರಿ? ಬಿಸಿಲೂ ಭಾಳಾಗ್ಯದ. ಹಾಲ್‌ನಾಗ ಎಸಿ ಅದ, ಚಿಂತಿ ಮಾಡಬ್ಯಾಡ್ರಿ.”

“ಬಿಪಿ ಅಲ್ಲ. ಮೊದಲಿನಂಗ ನೆನಪು ಉಳ್ಯಂಗಿಲ್ಲ. ಮರವು...”

ಬಾಲಾಜಿ ದೊಡ್ಡದಾಗಿ ನಕ್ಕ. “ಮರವು? ಕಾಕೂ, ಸರ್ ಎಂದ ನೆಟ್ಟಗ ನೆನಪಿಟ್ಟಾರ? ಒಂದು ಕಾಲಾಗ ಕರಿ ಬೂಟು, ಒಂದು ಕಾಲಾಗ ಕಂದು ಬೂಟು ಹಾಕ್ಕೊಂಡು ಬಂದಿದ್ರಲ್ಲ, ನೀವ ನನ್ನ ಕಡೆ ಬೂಟು ಕೊಟ್ಟು ಓಡಿಸಿದ್ರಿ. ಸರ್‌ಗ ಊಟ ಮಾಡಿದ್ದ ನೆನಪಿರಂಗಿಲ್ಲ, ಡಿಎನ್‌ಎ ಮಾತ್ರ ನಿದ್ದಿಗಣ್ಣಾಗ ಹೇಳ್ತಾರ.”

ಅವಳೂ ನಗಬೇಕಾಯಿತು. ಮೇಜಿನ ಆಚೆ ಒಬ್ಬ ಪಾಲಕ ಮಗಳನ್ನು ಕರೆದುಕೊಂಡು ಕೂತಿದ್ದ. ಫೋನು ಎರಡು ಸಲ ಹೊಡೆದುಕೊಂಡಿತು. ಆ ರೋಗದ ಹೆಸರು ಅವಳ ಗಂಟಲಿನವರೆಗೆ ಬಂತು. ಇಲ್ಲಿ ಹೇಳಿದರೆ ಸಂಜೆಯೊಳಗೆ ಇಡೀ ಟ್ಯೂಷನ್ ಏರಿಯಾಕ್ಕೆ ಗೊತ್ತಾಗುತ್ತದೆ. ನಾಳೆಯಿಂದ ಜನ ಅವರನ್ನು ನೋಡುವ ಬಗೆಯೇ ಬೇರೆಯಾಗುತ್ತದೆ. ಕೊಟ್ಟ ಮಾತೂ ಇದೆ.

“ಇಷ್ಟು ದಿನ ಸರ್ ನನಗ ಕೊಟ್ಟಾರ, ನಾ ಏನೂ ಕೊಟ್ಟಿಲ್ಲ,” ಎಂದ ಬಾಲಾಜಿ, ದನಿ ಇಳಿಸಿ. “ಅವತ್ತು ಎಲ್ಲಾರ ಮುಂದ ಶಾಲು ಹೊದಿಸಿ ಸತ್ಕಾರ ಮಾಡ್ತೀನ್ರಿ ಕಾಕೂ. ನಮ್ಮವ್ವನೂ ಬರ್ತಾಳ ಊರಿಂದ. ಸರ್‌ಗ ನಿಲ್ಲಾಕ ತ್ರಾಸ ಆದ್ರ ಸ್ಟೇಜ್ ಮ್ಯಾಲ ಒಂದು ಕುರ್ಚಿ ಹಾಕಿಸ್ತೀನಿ.”

“ಹಾಕ್ಸು,” ಎಂದಳು ಮಂಗಲಾ. ಚಹಾ ಕುಡಿದು ಬಂದಳು.

ದಿಗಂಬರರಾವ್ ತಾವೇ ಒಂದು ಉಪಾಯ ಹುಡುಕಿದ್ದರು. “ನೀ ಮುಂದ ಕೂಡು. ನಾ ಎಲ್ಲರ ಸಿಕ್ಕೊಂಡ್ರ ನಿನ್ನ ಕೇಳ್ತೀನಿ. ‘ನೋಡ್ರಿ, ನನ್ನ ಹೆಂಡತಿಗೂ ಗೊತ್ತದ, ನಿಮಗ ಗೊತ್ತಿಲ್ಲ’ ಅಂತೀನಿ. ಮಂದಿ ನಗ್ತಾರ. ನಾ ಮುಂದ ಹೋಗ್ತೀನಿ.”

“ನನ್ನ ನೋಡಿ ನಗ್ತಾರ ಅಂತೀರಿ.”

“ನಿನ್ನ ನೋಡಿ ನಕ್ಕ್ರ ನಡೀತದ,” ಎಂದವರು ಮರುಕ್ಷಣವೇ ಅವಳ ಮೊಣಕೈ ಹಿಡಿದರು. “ತಪ್ಪು ತಿಳ್ಕೋಬ್ಯಾಡ. ಒಂದು ಲೆಕ್ಕ ಅಷ್ಟ. ಒಂದ ಒಂದು. ಆಮ್ಯಾಲ ಸಾಕು ಅಂತೀನಿ, ದೇವರಾಣಿ.”

ಹಾಲ್ ತುಂಬಿ ಹೋಗಿತ್ತು. ಮುಂದಿನ ಸಾಲುಗಳಲ್ಲಿ ಪಾಲಕರು. ನೆಹರೂ ಟೊಪ್ಪಿಗೆಯ ರೈತರು, ಒಂಬತ್ತುವಾರಿ ಸೀರೆಯ ತಾಯಂದಿರು, ಮಡಿಲಲ್ಲಿ ಬುತ್ತಿಯ ಗಂಟು. ಹಿಂದೆ ಮಕ್ಕಳು, ಗೋಡೆಗೆ ಒರಗಿ ನಿಂತವರೂ ಇದ್ದರು. ಮಂಗಲಾ ಎರಡನೆಯ ಸಾಲಿನ ಅಂಚಿಗೆ ಕೂತಳು. ಪಕ್ಕದಲ್ಲಿ ಬಾಲಾಜಿಯ ತಾಯಿ. ಕಬ್ಬಿನ ಗರಿ ಕೊಯ್ದ ಗೆರೆಗಳು ಆಕೆಯ ಕೈತುಂಬ ಇದ್ದವು.

ದಿಗಂಬರರಾವ್ ವೇದಿಕೆ ಹತ್ತಿದರು. ಇಸ್ತ್ರಿ ಮಾಡಿದ ಬಿಳಿ ಅಂಗಿ. ಕುರ್ಚಿಯನ್ನು ಕಂಡು, “ಇದು ಯಾರಿಗೋ? ನನಗ ಇನ್ನೂ ವರ ಅಂತ ಕೂಡಸ್ತೀರೇನು?” ಎಂದರು. ಹಾಲ್ ನಕ್ಕಿತು. ಮಂಗಲಾ ಉಸಿರು ಬಿಟ್ಟಳು.

ಆಮೇಲಿನ ಅರ್ಧ ಗಂಟೆ ಅವಳು ಎಂದೂ ನೋಡದ ಗಂಡನನ್ನು ನೋಡಿದಳು. ಅವರು ಲಗ್ನದ ಚಪ್ಪರ ಹಾಕಿದರು, ಬೀಗರನ್ನು ಕರೆದರು, ಅನಂತನ ಮೀಸೆಯನ್ನೂ ಚಂದ್ರಕಲಾಳ ಠೀವಿಯನ್ನೂ ನಟಿಸಿ ತೋರಿಸಿದರು. ಅನಂತ ತಾರಾ ಎರಡು ಕೈಯಿಂದ ಹಿಡಿದುಕೊಂಡಿದ್ದಾರೆ, ಗಣಪತ ಚಂದ್ರಕಲಾ ಮೂರು ಕೈಯಿಂದ. ಅದಕ್ಕೇ ಬಿಸಿ ಹತ್ತಿದರೆ ಅನಂತನ ಸಂಸಾರ ಮೊದಲು ಬಿಡುತ್ತದೆ ಎಂದರು. ಬಾಲಾಜಿಯ ತಾಯಿ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. “ನನಗೂ ತಿಳೀಲಿಕತ್ತದಲ್ರಿ ಅಕ್ಕಾರ!” ಎಂದು ಮಂಗಲಾಳ ತೊಡೆ ತಟ್ಟಿದಳು. ಇಷ್ಟು ದಿನ ಈ ಮನುಷ್ಯ ಮನೆಯಲ್ಲಿ ಮೌನವಾಗಿ ಊಟ ಮಾಡಿ ಏಳುತ್ತಿದ್ದದ್ದು ಯಾಕೆಂದು ಮಂಗಲಾಗೆ ಈಗ ತಿಳಿಯಿತು. ಮಾತೆಲ್ಲ ಇಲ್ಲಿ ಖರ್ಚಾಗುತ್ತಿತ್ತು.

ಲೆಕ್ಕ ಬಂತು. ಹಲಗೆಯ ಮೇಲೆ ಇಪ್ಪತ್ತೆರಡು ಬರೆದರು. ಅದರ ಕೆಳಗೆ ಇಪ್ಪತ್ತೆರಡು, ನಲವತ್ನಾಲ್ಕು. “ನೂರರಾಗ ನಲವತ್ನಾಲ್ಕು ಹೋದ್ರ...” ಎಂದು ನಿಂತರು.

“ಐವತ್ತಾರು!” ಎಂದು ಹಾಲ್ ಕೂಗಿತು. ಸರ್ ಉತ್ತರವನ್ನು ಮಂದಿಯ ಬಾಯಿಗೆ ಬಿಡುವುದೇ ಹೀಗೆ ಎಂದು ಎಲ್ಲರೂ ತಿಳಿದಿದ್ದರು. ಅವರು ಐವತ್ತಾರು ಬರೆದರು. “ಅರ್ಧ?” “ಇಪ್ಪತ್ತೆಂಟು!” ಅದನ್ನೂ ಬರೆದು ಕೆಳಗೆ ಗೆರೆ ಎಳೆದರು. ಚಪ್ಪಾಳೆ.

ಸಾಕು, ಇಳಿದು ಬರ್ರಿ ಎಂದು ಮಂಗಲಾ ಮನಸ್ಸಿನಲ್ಲೇ ಅಂದಳು. ಆದರೆ ಚಪ್ಪಾಳೆ ಅವರಿಗೆ ಏರಿತ್ತು.

“ಇನ್ನೊಂದು ತಗೋರಿ! ಈಗ ಉಲ್ಟಾ. ಚಂದ್ರಕಲಾ ಹದಿನೆಂಟು ಮಂದಿ. ಗಣಪತ?”

“ಹದಿನೆಂಟು!”

“ಕೂಡಿ?” “ಮೂವತ್ತಾರು!” “ಉಳಿದದ್ದು?” “ಅರವತ್ನಾಲ್ಕು!”

“ಅದರಾಗ ಅರ್ಧ ಅನಂತ. ಇನ್ನರ್ಧ, ಅನಂತನ ಹೆಂಡತಿ...”

ಸೀಮೆಸುಣ್ಣ ಹಲಗೆಗೆ ತಾಗಿ ನಿಂತಿತು.

“ತಾರಾ!” ಎಂದು ಎಲ್ಲರೂ ಕೂಗಿದರು. ಆ ಕೂಗಿಗೆ ಅವರು ಬೆಚ್ಚಿ ತಿರುಗಿದರು. ಹೆಸರು ಕೇಳಿಸಿತು, ಆದರೆ ಕೂತುಕೊಳ್ಳಲು ಅದಕ್ಕೆ ಜಾಗ ಸಿಗಲಿಲ್ಲ ಎಂಬುದು ಮಂಗಲಾಗೆ ಕಂಡಿತು. ಮನೆಯಲ್ಲಿ ಈ ಮುಖ ಅವಳು ನೋಡಿದ್ದಳು.

“ಗದ್ದಲ ಬ್ಯಾಡ,” ಎಂದರು ಅವರು. “ಗದ್ದಲ ಬ್ಯಾಡ. ಕೈ ಎತ್ತಿ ಹೇಳ್ರಿ.”

ಹಾಲ್ ಸುಮ್ಮನಾಯಿತು. ಕೈಗಳು ಎದ್ದವು. ಮುಂದೆ, ಹಿಂದೆ, ಗೋಡೆಯ ಉದ್ದಕ್ಕೂ, ಬಳೆಯ ಕೈ, ಗಡಿಯಾರದ ಕೈ. ದಿಗಂಬರರಾವ್ ಅಷ್ಟೂ ಕೈಗಳ ಮೇಲೆ ಕಣ್ಣಾಡಿಸಿದರು. ಯಾರನ್ನೂ ಕರೆಯಲಿಲ್ಲ. ಕೈಗಳು ಹಾಗೇ ಇದ್ದವು. ನಗುತ್ತಿದ್ದ ಮುಖಗಳು ಇನ್ನೂ ನಗುತ್ತಲೇ ಇದ್ದವು. ಒಂದೆರಡು ಕೈ ಸೋತು ಇನ್ನೊಂದು ಕೈಯ ಆಸರೆ ಹಿಡಿದವು. ಅವರ ಬೆರಳಲ್ಲಿ ಸೀಮೆಸುಣ್ಣ ಪುಡಿಯಾಗಿ ಬಿಳಿ ಅಂಗಿಯ ಮೇಲೆ ಉದುರುತ್ತಿತ್ತು.

ಮಂಗಲಾ ಕೈ ಎತ್ತಿದಳು. ಅವರು ನೋಡಲಿಲ್ಲ. ಅವಳು ಎದ್ದು ನಿಂತಳು.

“ಹಾಂ, ನೀವು ಹೇಳ್ರಿ,” ಎಂದರು.

“ತಾರಾ,” ಎಂದಳು. “ಅನಂತನ ಹೆಂಡತಿ ತಾರಾ.”

ಇನ್ನು ಅವರು ‘ನೋಡ್ರಿ, ನನ್ನ ಹೆಂಡತಿಗೂ ಗೊತ್ತದ’ ಎನ್ನಬೇಕು. ಅವಳು ಅದಕ್ಕಾಗಿ ಕಾದಳು. ನಗುವ ಜನಕ್ಕೆ ತೋರಿಸಲು ಮುಖವನ್ನೂ ಸಜ್ಜು ಮಾಡಿಕೊಂಡಳು.

ದಿಗಂಬರರಾವ್ ವೇದಿಕೆಯ ಅಂಚಿಗೆ ಬಂದು ಸ್ವಲ್ಪ ಬಾಗಿದರು. ಪಾಲಕರ ಸಭೆಗಳಲ್ಲಿ ಹಳ್ಳಿಯ ಹೆಂಗಸರ ಜೊತೆ ಅವರು ಮಾತಾಡುವ ರೀತಿಯೇ ಅದು. ಗೌರವದ, ಮೆತ್ತನೆಯ ದನಿ.

“ಭಾಳ ಚಲೋ ಹೇಳಿದ್ರಿ ತಾಯಿ. ಯಾವೂರು ನಿಮ್ದು? ನಿಮ್ಮ ಮಗ ಯಾವ ಬ್ಯಾಚಿನ್ಯಾಗ ಇದ್ದಾನ?”

ಗೊತ್ತಿದ್ದವರು ಮೊದಲು ನಕ್ಕರು. “ಕಾಕೂರಿ ಅವ್ರು! ಸರ್ ಮನಿಯವ್ರ!” ಎಂದು ಯಾರೋ ಪಕ್ಕದವರಿಗೆ ಹೇಳಿದರು. ನಗು ಸಾಲಿನಿಂದ ಸಾಲಿಗೆ ಹರಿದು ಹಾಲ್ ತುಂಬ ಹಬ್ಬಿತು. ಹುಡುಗರು ಬೆಂಚು ಬಡಿದರು. ಬಾಲಾಜಿಯ ತಾಯಿಯಂತೂ ಕಣ್ಣೊರೆಸಿಕೊಂಡು ನಗುತ್ತಿದ್ದಳು. ಆ ನಗುವಿನ ನಡುವೆ ದಿಗಂಬರರಾವ್ ಒಬ್ಬರೇ ನಗದೆ, ಉತ್ತರಕ್ಕಾಗಿ ಅವಳ ಮುಖವನ್ನೇ ನೋಡುತ್ತಿದ್ದರು. ಅವಳು ಆ ಕಣ್ಣುಗಳಲ್ಲಿ ಚೇಷ್ಟೆಯ ಒಂದು ಮಿಂಚಿಗಾಗಿ ಹುಡುಕಿದಳು. ಇರಲಿಲ್ಲ.

ಅವಳು ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಂಡಳು.

“ರೇಣಾಪೂರರಿ ಸರ್,” ಎಂದಳು. ಅದು ಅವಳ ತವರೂರು. “ಮಗ ಇಲ್ರಿ. ಮಗಳದಾಳ.”

“ಮಗಳು ಇದ್ದರ ಇನ್ನೂ ಚಲೋ. ತಾಯಿಗೇ ಇಷ್ಟು ಗೊತ್ತದ ಅಂದ್ರ ಅಕಿದು ಏನೂ ಚಿಂತಿ ಮಾಡಬ್ಯಾಡ್ರಿ.”

“ಇಲ್ರಿ ಸರ್. ಮಾಡಂಗಿಲ್ಲ.”

“ಕೂಡ್ರಿ ತಾಯಿ.”

ಅವಳು ಕೂತಳು. ಹಾಲ್ ಎದ್ದು ಚಪ್ಪಾಳೆ ತಟ್ಟುತ್ತಿತ್ತು. ಬಾಗಿಲ ಹತ್ತಿರ ನಿಂತಿದ್ದ ಬಾಲಾಜಿಯ ಕಡೆ ಅವಳ ಕಣ್ಣು ಹೋಯಿತು. ಅವನ ಬಾಯಿ ಇನ್ನೂ ನಗುವಿನ ಆಕಾರದಲ್ಲೇ ಇತ್ತು. ಕಣ್ಣು ಮಾತ್ರ ಅವಳ ಮೇಲೆ ನೆಟ್ಟಿತ್ತು. ಅವನು ಅವಳ ಮುಖ ನೋಡಿದ, ವೇದಿಕೆ ನೋಡಿದ, ಮತ್ತೆ ಅವಳನ್ನು ನೋಡಿದ. ಆಮೇಲೆ ಜನರ ನಡುವೆ ದಾರಿ ಮಾಡಿಕೊಂಡು ಹೆಚ್ಚುಕಡಿಮೆ ಓಡುತ್ತ ವೇದಿಕೆ ಹತ್ತಿದ. ಸರ್ ಅವರ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡು, “ಇವತ್ತಿನ ಲಗ್ನ ಇಲ್ಲಿಗೆ ಮುಗೀತು, ಊಟಕ್ಕ ಏಳ್ರಿ!” ಎಂದು ಕೂಗಿದ. ಶಾಲು ಹೊದಿಸಿ ಅದರ ಅಂಚನ್ನು ಎರಡು ಸಲ ಸರಿಮಾಡಿದ. ತೆಂಗಿನಕಾಯಿ ಕೊಟ್ಟು ಕಾಲಿಗೆ ಬಿದ್ದವನು ಬೇಗ ಏಳಲಿಲ್ಲ.

ಮನೆಗೆ ಬಿಡಲು ತರಿಸಿದ ಗಾಡಿಯ ಬಾಗಿಲು ಹಾಕುವ ಮೊದಲು ಬಾಲಾಜಿ ಅವಳ ಬದಿಗೆ ಬಂದ. ಹಿಂದಿನ ಸೀಟಿನಲ್ಲಿ ದಿಗಂಬರರಾವ್ ಶಾಲಿನ ಅಂಚನ್ನು ಬೆರಳಿನಿಂದ ಸವರುತ್ತ ಕೂತಿದ್ದರು.

“ಎಂದಿನಿಂದರಿ ಕಾಕೂ?”

“ದೀಪಾವಳಿಯಿಂದ.”

“ನೀವು ಅವತ್ತು ಅದನ್ನ ಹೇಳ್ಲಿಕ್ಕೆ ಬಂದಿದ್ರಿ.”

ಅವನು ಬಾಗಿಲ ಹಿಡಿಕೆ ಬಿಡಲಿಲ್ಲ. “ನಾ ನಗ್ಲಿಕತ್ತಿದ್ದೆ,” ಎಂದ. “ಈಗ ಏನು ಮಾಡೂಣ್ರಿ?”

“ಏನು ಮಾಡ್ಲಿಕ್ಕಾಗ್ತದಪ್ಪ,” ಎಂದಳು ಮಂಗಲಾ. “ಬಿಸಿಲಾಗ ನಿಂದ್ರಬ್ಯಾಡ. ನಿಮ್ಮವ್ವಗ ಊಟಕ್ಕ ಕರಕೊಂಡು ಹೋಗು.”

ಮನೆಗೆ ಬಂದು ದಿಗಂಬರರಾವ್ ಒಂದು ನಿದ್ದೆ ತೆಗೆದರು. ಎದ್ದಾಗ ಇಳಿಹೊತ್ತು. ಅವಳು ಚಹಾದ ಕಪ್ಪುಬಸಿ ಮುಂದಿಟ್ಟಳು.

“ಮಂಗಲಾ, ಕ್ಲಾಸು ಹೆಂಗಾತು?”

ಹೆಸರು ಹಿಡಿದು ಕರೆದದ್ದನ್ನು ಕೇಳಿ ಅವಳು ಅವರ ಎದುರಿಗೇ ಕೂತಳು.

“ಚಲೋ ಆತ್ರಿ. ಮಂದಿ ಎದ್ದು ನಿಂತು ಚಪ್ಪಾಳಿ ಹೊಡೆದ್ರು.”

“ನೀ ಎಲ್ಲಿ ಕೂತಿದ್ದಿ? ಮುಂದ ಕೂಡು ಅಂದಿದ್ದೆ. ನಾ ಎಷ್ಟು ಹುಡುಕಿದೆ, ಕಾಣ್ಲೇ ಇಲ್ಲ ನೀ.”

“ಹಿಂದ ಕೂತಿದ್ದೆ. ಮುಂದ ಜಾಗ ಸಿಗಲಿಲ್ಲ.”

“ಹ್ಞೂಂ,” ಎಂದು ಚಹಾ ಗುಟುಕರಿಸಿದರು. “ರೇಣಾಪೂರದ ಒಬ್ಬ ಹೆಣ್ಮಗಳು ಭಾಳ ಚಲೋ ಉತ್ತರ ಹೇಳಿದ್ಲು. ನಿಮ್ಮೂರಿನಾಕಿ. ನಿನಗ ಪರಿಚಯ ಇದ್ದೀತು.”

ಅವಳು ಖಾಲಿ ಕಪ್ಪುಬಸಿಯನ್ನು ತೆಗೆದುಕೊಂಡು ಒಳಗೆ ಹೋದಳು. ಬಚ್ಚಲಲ್ಲಿ ಅದನ್ನು ಬಹಳ ಹೊತ್ತು ತೊಳೆದಳು.

ಅಷ್ಟರಲ್ಲಿ ಗಲ್ಲಿಯಲ್ಲಿ ಗದ್ದಲ ಎದ್ದಿತು. ವಾರದ ಮೇಲೆ ನಳಕ್ಕೆ ನೀರು ಬಂದಿತ್ತು. ಮನೆಮನೆಯ ಬಾಗಿಲು ತೆರೆದು ಕೊಡ, ಬಕೆಟ್ಟು, ಪೈಪು ಬೀದಿಗೆ ಬಂದವು. “ನೀ ಒಳಗಿಂದು ನೋಡು, ನಾ ಡ್ರಮ್ ತುಂಬ್ತೀನಿ,” ಎಂದು ದಿಗಂಬರರಾವ್ ಲುಂಗಿ ಮೇಲೆ ಕಟ್ಟಿ ಹೊರಟರು. ಅವಳು ಅಡುಗೆಮನೆಯ ಹಂಡೆ, ಬಿಂದಿಗೆಗಳನ್ನು ಒಂದೊಂದಾಗಿ ಹೊರಗೆ ಸಾಗಿಸತೊಡಗಿದಳು.

“ಸರ್! ನೀರು, ಸರ್!” ಎಂದು ಎದುರು ಮನೆಯ ಹೆಂಗಸು ಕೂಗಿದಳು.

ಮಂಗಲಾ ಬಾಗಿಲಿಗೆ ಬಂದಳು. ಡ್ರಮ್ಮು ತುಂಬಿ ಉಕ್ಕುತ್ತಿತ್ತು. ದಿಗಂಬರರಾವ್ ಎರಡೂ ಕೈಯಿಂದ ಪೈಪನ್ನು ಅದರೊಳಗೆ ಗಟ್ಟಿಯಾಗಿ ಹಿಡಿದು, ಬಾಗಿ, ತುಂಬ ಲಕ್ಷ್ಯದಿಂದ ನೋಡುತ್ತಿದ್ದರು. ನೀರು ಡ್ರಮ್ಮಿನ ಸುತ್ತ ಇಳಿದು, ಅವರ ಚಪ್ಪಲಿ ತೋಯಿಸಿ, ಬೀದಿಯ ಧೂಳಿನಲ್ಲಿ ದಾರಿ ಮಾಡಿಕೊಂಡು ಹರಿಯುತ್ತಿತ್ತು. ಗಲ್ಲಿಯವರು ತಮ್ಮ ತಮ್ಮ ಕೊಡ ಹಿಡಿದು ನೋಡುತ್ತ ನಿಂತಿದ್ದರು.

ಅವಳು ಹೋಗಿ ಖಾಲಿ ಬಿಂದಿಗೆಯನ್ನು ಪಕ್ಕಕ್ಕೆ ಇಟ್ಟಳು. ಪೈಪನ್ನು ಅವರಿಂದ ಬಿಡಿಸಿಕೊಳ್ಳಲಿಲ್ಲ. ಅವರ ಕೈಗಳ ಮೇಲೆ ತನ್ನ ಕೈ ಇಟ್ಟು, ಆ ಕೈಗಳ ಸಮೇತ ಪೈಪನ್ನು ಮೆಲ್ಲಗೆ ಎತ್ತಿ ಬಿಂದಿಗೆಯ ಬಾಯಿಗೆ ತಂದಳು. ನೀರು ತಳಕ್ಕೆ ಬಿದ್ದು ಗಡಗಡ ಸದ್ದಾಯಿತು. ಸದ್ದು ಸಣ್ಣಗಾಗುತ್ತ ಮೇಲೆ ಬರುವವರೆಗೆ ಇಬ್ಬರೂ ಹಾಗೆಯೇ ಬಾಗಿ ನಿಂತಿದ್ದರು.